ಅಪೂರ್ಣ ದತ್ತಾಂಶವೂ ಬಿಂಬದ ಪ್ರಾಮಾಣ್ಯವೂ



ಅವ್ಯಕ್ತರಾಶಿಗಳು ಎಷ್ಟಿರುವುವೋ ಅಷ್ಟು ಸಮೀಕರಣಗಳಾದರೂ ಕೈಯಲ್ಲಿಲ್ಲದೆ ಉತ್ತರವು ನಿಶ್ಚಯವಾಗದೆಂಬುದು ಬೀಜಗಣಿತದ ಮೊದಲ ಪಾಠಗಳಲ್ಲೊಂದು. ಎರಡು ಸಂಖ್ಯೆಗಳ ಮೊತ್ತ ಹತ್ತೆಂದಷ್ಟೇ ತಿಳಿಸಿ ಆ ಸಂಖ್ಯೆಗಳಾವುವೆಂದು ಕೇಳಿದರೆ, ಒಂಬತ್ತೂ ಒಂದೂ ಎಂದವನ ಉತ್ತರವೂ ಸರಿಯೇ, ಆರೂ ನಾಲ್ಕೂ ಎಂದವನ ಉತ್ತರವೂ ಸರಿಯೇ. ಅವರಿಬ್ಬರ ವ್ಯಾಜ್ಯವನ್ನು ತೀರ್ಮಾನಿಸುವ ಶಕ್ತಿ ಆ ಒಂದು ಹೇಳಿಕೆಗಿಲ್ಲ. ಹೀಗಿದ್ದರೂ, ಅಳೆಯಬೇಕಾದುದರಲ್ಲಿ ಬಹುಭಾಗವನ್ನು ಅಳೆಯದೆಯೇ ಆಸ್ಪತ್ರೆಯ ಯಂತ್ರವು ಮಿದುಳಿನ ಸ್ಫುಟವಾದ ಚಿತ್ರವನ್ನು ವೈದ್ಯರ ಮುಂದಿಡುವುದು. ಭೂಮಂಡಲದ ಮೇಲೆ ಅಲ್ಲೊಂದು ಇಲ್ಲೊಂದು ಚದುರಿ ನಿಂತ ಕೆಲವೇ ದೂರದರ್ಶಕಗಳು ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯ ವಸ್ತುವಿನ ಬಿಂಬವನ್ನು ಲೋಕಕ್ಕೆ ತೋರಿಸುವುವು. ಅಳೆಯದೆ ಉಳಿದ ಭಾಗವು ಈ ಬಿಂಬಗಳೊಳಕ್ಕೆ ಎಲ್ಲಿಂದ ಬಂದಿತು? ಹಾಗೆ ಬಂದುದನ್ನು ನಂಬುವುದಕ್ಕೆ ನಮಗಿರುವ ಆಧಾರವೇನು? ಈ ಎರಡು ಪ್ರಶ್ನೆಗಳನ್ನು ತಮ್ಮೆದುರು ವಿಚಾರಕ್ಕಿಡಬೇಕೆಂಬುದು ನನ್ನ ಉದ್ದೇಶ. ಮೊದಲನೆಯದು ಗಣಿತಕ್ಕೂ ಎರಡನೆಯದು ತರ್ಕಕ್ಕೂ ಸೇರಿದುದೆಂದು ಮೇಲುನೋಟಕ್ಕೆ ತೋರಬಹುದಾದರೂ, ಒಂದನ್ನು ಬಿಟ್ಟು ಇನ್ನೊಂದನ್ನು ಬಿಡಿಸಲಾಗದೆಂಬುದು ಮುಂದೆ ವಿಶದವಾಗುವುದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಗಣಿತಜ್ಞ ಜಾಕ್ ಹಡಮಾರ್ ಸುವ್ಯವಸ್ಥಿತವಾದ ಸಮಸ್ಯೆಗೆ ಮೂರು ಲಕ್ಷಣಗಳನ್ನು ಹೇಳಿದನು: ಉತ್ತರವಿರಬೇಕು, ಅದು ಒಂದೇ ಆಗಿರಬೇಕು, ದತ್ತಾಂಶವು ಅಣುಮಾತ್ರ ಬದಲಾದರೆ ಉತ್ತರವೂ ಅಣುಮಾತ್ರವೇ ಬದಲಾಗಬೇಕು. ಬಿಂಬವನ್ನು ಪುನರ್ರಚಿಸುವ ಸಮಸ್ಯೆಗಳಲ್ಲಿ ಹೆಚ್ಚಿನವು ಎರಡನೆಯ ಲಕ್ಷಣದಲ್ಲಿಯೋ ಮೂರನೆಯದರಲ್ಲಿಯೋ ಸೋಲುವುವು. ಶರೀರದ ಅಡ್ಡಕೊಯ್ತವನ್ನು ಕ್ಷಕಿರಣಗಳ ನೆರಳುಗಳಿಂದ ಮರಳಿ ಕಟ್ಟುವ ವಿದ್ಯೆಯನ್ನೇ ತೆಗೆದುಕೊಳ್ಳೋಣ. ಎಲ್ಲ ದಿಕ್ಕುಗಳಿಂದಲೂ ನೆರಳುಗಳು ದೊರೆತಲ್ಲಿ ವಸ್ತುವು ನಿಶ್ಚಿತವಾಗುವುದೆಂದು ಯೋಹಾನ್ ರಾಡಾನ್ 1917ರಲ್ಲಿಯೇ ಸಾಧಿಸಿದ್ದನು; ಅದನ್ನು ಗಣಕಯಂತ್ರವು ಸುಲಭವಾಗಿಯೂ ವೇಗವಾಗಿಯೂ ನಡೆಸಬಲ್ಲ ರೀತಿಯೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದ ಜಿ. ಎನ್. ರಾಮಚಂದ್ರನ್ ಅವರೂ ಎ. ವಿ. ಲಕ್ಷ್ಮೀನಾರಾಯಣನ್ ಅವರೂ 1971ರಲ್ಲಿ ಪ್ರಕಟಿಸಿದರು. ಅವರ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ರಾಮ್‌-ಲಾಕ್ ಎಂದು ಕರೆಯಲಾಗುವ ಶೋಧಕವು ಇಂದಿಗೂ ಆ ಶಾಸ್ತ್ರದ ಪಠ್ಯಗ್ರಂಥಗಳಲ್ಲಿ ಪಾಠವಾಗಿರುವುದು ನಾವು ಸ್ಮರಿಸತಕ್ಕ ಸಂಗತಿ. ಆದರೆ ಆ ಸೂತ್ರವು ನೂರಾರು ದಿಕ್ಕುಗಳ ನೆರಳುಗಳನ್ನು ಬೇಡುತ್ತದೆ. ಹತ್ತಿಪ್ಪತ್ತು ದಿಕ್ಕುಗಳನ್ನಷ್ಟೇ ಕೊಟ್ಟರೆ ಮೂಳೆಯ ಅಂಚಿನಿಂದ ನಕ್ಷತ್ರದ ಕಿರಣಗಳಂತೆ ಗೆರೆಗಳು ಹೊರಟು ಚಿತ್ರವನ್ನೆಲ್ಲ ಕೆಡಿಸುವುವು. ಆ ಗೆರೆಗಳು ಶರೀರದಲ್ಲಿಲ್ಲ. ಅಳೆಯದಿದ್ದ ಅಂಶಗಳನ್ನೆಲ್ಲ ಸೊನ್ನೆಯೆಂದು ಮೌನವಾಗಿ ಒಪ್ಪಿಕೊಂಡುದರ ಫಲವವು. ಇಲ್ಲಿಯೇ ನಾವು ಒಂದು ಮುಖ್ಯವಾದ ತತ್ತ್ವವನ್ನು ಕಾಣುತ್ತೇವೆ. ಗೊತ್ತಿಲ್ಲದುದನ್ನು ಸೊನ್ನೆಯೆಂದು ಬಿಡುವುದು ವಿನಯವೆಂದು ಭ್ರಮಿಸುವವರುಂಟು. ವಾಸ್ತವದಲ್ಲಿ ಅದೂ ಒಂದು ಊಹೆಯೇ, ಮತ್ತು ಬಹುಮಟ್ಟಿಗೆ ಕೆಟ್ಟ ಊಹೆ. ಅಪೂರ್ಣವಾದ ದತ್ತಾಂಶದಿಂದ ಬಿಂಬವನ್ನು ಕಟ್ಟುವವನಿಗೆ ಊಹೆಯಿಲ್ಲದ ಮಾರ್ಗವೆಂಬುದೇ ಇಲ್ಲ. ಒಳ್ಳೆಯ ಊಹೆ ಯಾವುದು, ಅದನ್ನು ಎಲ್ಲಿಂದ ತರಬೇಕು ಎಂಬುದಷ್ಟೇ ಉಳಿದ ವಿಚಾರ.

ಅದನ್ನು ಲೋಕದಿಂದಲೇ ತರಬೇಕೆಂಬುದು ಈ ಶಾಸ್ತ್ರದ ಉತ್ತರ. ಛಾಯಾಚಿತ್ರವೊಂದರಿಂದ ಎಂಟು ಬಿಂದು ಅಗಲ, ಎಂಟು ಬಿಂದು ಎತ್ತರದ ಒಂದು ಚಿಕ್ಕ ಚೌಕವನ್ನು ಕತ್ತರಿಸಿ ತೆಗೆದೆವೆನ್ನೋಣ. ಬಿಂದುಗಳು, ಅಂದರೆ ಇಂದಿನವರು ಪಿಕ್ಸೆಲ್ ಎನ್ನುವ ಚಿತ್ರಕಣಗಳು, ಅರುವತ್ತನಾಲ್ಕು. ಒಂದೊಂದಕ್ಕೂ ಕಪ್ಪಿನಿಂದ ಬಿಳಿಯವರೆಗೆ 256 ಹಂತಗಳು. ಇಷ್ಟರಿಂದಲೇ ಆಗಬಹುದಾದ ವಿನ್ಯಾಸಗಳ ಸಂಖ್ಯೆಯು 1ರ ಮುಂದೆ 154 ಸೊನ್ನೆಗಳನ್ನು ಬರೆದರೆ ಬರುವ ಸಂಖ್ಯೆಯನ್ನೂ ಮೀರುವುದು. ಇವುಗಳಲ್ಲಿ ಯಾವುದೋ ಒಂದನ್ನು ಕುರುಡಾಗಿ ಆರಿಸಿದರೆ ಕಾಣುವುದು ಮರಳನ್ನು ಎರಚಿದಂತಹ ಅರ್ಥವಿಲ್ಲದ ಚುಕ್ಕೆಗಳ ರಾಶಿಯೇ ಹೊರತು, ಎಲೆಯ ಅಂಚಾಗಲಿ ಗೋಡೆಯ ಮೂಲೆಯಾಗಲಿ ಹುಬ್ಬಿನ ಕೂದಲಾಗಲಿ ಅಲ್ಲ. ಪ್ರಕೃತಿಯು ನಮ್ಮ ಕಣ್ಣಿಗೆ ಒಡ್ಡುವ ದೃಶ್ಯಗಳು ಆ ಮಹಾರಾಶಿಯ ಅತ್ಯಲ್ಪವಾದ ಒಂದು ಮೂಲೆಯಲ್ಲಿ ನೆಲೆಸಿವೆ. ಆ ಮೂಲೆಯ ಎಲ್ಲೆಕಟ್ಟುಗಳನ್ನು ತಿಳಿದವನಿಗೆ ದತ್ತಾಂಶದ ಕೊರತೆಯು ಅಷ್ಟರಮಟ್ಟಿಗೆ ತುಂಬಿದಂತೆಯೇ.

ಎಲ್ಲೆಕಟ್ಟುಗಳಲ್ಲಿ ಮೊದಲನೆಯದು ನೆರೆಹೊರೆಯ ಸಾಮ್ಯ. ಬೂದುಬಣ್ಣದ ಕಲ್ಲುಕಂಬವೊಂದನ್ನು ಬೆಳಗಿನ ಆಕಾಶದ ಎದುರು ತೆಗೆದ ಚಿತ್ರದಲ್ಲಿ ಒಂದು ಅಡ್ಡಸಾಲನ್ನು ಓದುತ್ತ ಹೋದರೆ 201, 202, 202, 203, 201 ಎಂಬಂತೆ ಆಕಾಶವು ಸಾಗಿ, ಥಟ್ಟನೆ 64ಕ್ಕೆ ಇಳಿದು, ಆಮೇಲೆ 63, 65, 64 ಎಂದು ಕಂಬವು ಮುಂದುವರಿಯುವುದು. ಒಂದು ಬಿಂದುವಿನ ಬೆಲೆಯನ್ನು ಅಳಿಸಿಬಿಟ್ಟರೂ ಅಕ್ಕಪಕ್ಕದವುಗಳನ್ನು ನೋಡಿ ಅದನ್ನು ಬಹುಮಟ್ಟಿಗೆ ಹೇಳಿಬಿಡಬಹುದು. ಬೆಲ್ ಪ್ರಯೋಗಾಲಯದ ಕ್ರೆಟ್ಸ್‌ಮರ್ ಎಂಬಾತನು ದೂರದರ್ಶನದ ಸಂಕೇತಗಳಲ್ಲಿ ಈ ಸಾಮ್ಯವನ್ನು ಅಳೆದು 1952ರಲ್ಲಿ ಪ್ರಕಟಿಸಿದನು. ತಂತಿಯ ಮೇಲೆ ಕಳುಹಿಸುವ ಸಂಕೇತವನ್ನು ಹೇಗೆ ಮಿತಗೊಳಿಸಬಹುದೆಂಬ ವ್ಯಾವಹಾರಿಕ ಚಿಂತೆಯೇ ಅಂದು ಆ ಅಳತೆಯ ಹಿಂದಿದ್ದುದು. ಅದೇ ಸಂಗತಿಯನ್ನು ಆವೃತ್ತಿಗಳ ಭಾಷೆಯಲ್ಲಿ ಹೇಳಿದಾಗ ಇನ್ನೂ ಸುಂದರವಾದ ನಿಯಮವೊಂದು ಹೊರಬರುವುದು. ಚಿತ್ರವನ್ನು ಸ್ಥೂಲವೂ ಸೂಕ್ಷ್ಮವೂ ಆದ ಅಲೆಗಳ ಮೊತ್ತವಾಗಿ ಬಿಡಿಸಿದರೆ, ಆವೃತ್ತಿಯು ಇಮ್ಮಡಿಯಾದಾಗ ಆ ಅಲೆಯ ಶಕ್ತಿಯು ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದೆಂದು ಡೇವಿಡ್ ಫೀಲ್ಡ್ 1987ರ ತನ್ನ ಲೇಖನದಲ್ಲಿ ತೋರಿಸಿದನು. ಕಾಡಿನ ಚಿತ್ರವಾಗಲಿ ಬಂಡೆಯ ಚಿತ್ರವಾಗಲಿ, ಸರಾಸರಿಯಲ್ಲಿ ನಿಯಮವು ಹೆಚ್ಚು ವ್ಯತ್ಯಾಸಗೊಳ್ಳದು. ಇದರ ತಾತ್ಪರ್ಯವೇನೆಂದರೆ, ದೃಶ್ಯವನ್ನು ಹತ್ತಿರದಿಂದ ನೋಡಿದರೂ ದೂರದಿಂದ ನೋಡಿದರೂ ಅದರ ಸಂಖ್ಯಾಲಕ್ಷಣವು ಒಂದೇ ತೆರನಾಗಿರುವುದು. ಪ್ರಕೃತಿಗೆ ತನ್ನದೆಂಬ ಒಂದು ಅಳತೆಗೋಲಿಲ್ಲ.

ಆದರೆ ಈ ನಿಯಮವೊಂದನ್ನೇ ನೆಚ್ಚಿ ನಿಲ್ಲುವವನು ಬೇಗನೆ ನಿರಾಶನಾಗುವನು. ಅಲೆಗಳ ಶಕ್ತಿಯನ್ನು ಫೀಲ್ಡ್‌ನ ನಿಯಮದಂತೆಯೇ ಇಟ್ಟು, ಅವುಗಳ ಪರಸ್ಪರ ಸ್ಥಾನವನ್ನು ಮಾತ್ರ ಯಾದೃಚ್ಛಿಕವಾಗಿ ಹೂಡಿ ಕೂಡಿಸಿದರೆ ಕಾಣುವುದು ಮೋಡ; ಅಂಚಿಲ್ಲ, ಆಕೃತಿಯಿಲ್ಲ, ಒಂದು ವಸ್ತುವು ಇನ್ನೊಂದರ ಮುಂದೆ ನಿಂತಿದೆಯೆಂಬ ಭಾವನೆಯಿಲ್ಲ. ಲೋಕವು ಮೋಡಗಳಿಂದ ಮಾತ್ರ ಆದುದಲ್ಲವಷ್ಟೆ. ಕಂಬದ ಸಾಲಿಗೆ ಮರಳಿ ಬಂದು ಪಕ್ಕಪಕ್ಕದ ಬೆಲೆಗಳ ವ್ಯತ್ಯಾಸಗಳನ್ನು ಬರೆದರೆ ಒಂದು, ಸೊನ್ನೆ, ಒಂದು, ಎರಡು ಎಂದು ಸಾಗಿ, ಒಂದೇ ಒಂದು ಕಡೆ ನೂರಮೂವತ್ತೇಳು ಬರುವುದು. ಬಹುತೇಕ ವ್ಯತ್ಯಾಸಗಳು ಸೊನ್ನೆಗೆ ಅಂಟಿಕೊಂಡಿರುವುವು, ಅಪರೂಪಕ್ಕೆ ಬರುವುವು ಅತಿ ದೊಡ್ಡವು, ನಡುತರದವು ವಿರಳ. ಗಣಿತಜ್ಞರು ಸಾಮಾನ್ಯವಾಗಿ ಊಹಿಸುವ ಘಂಟಾಕಾರದ ವಕ್ರರೇಖೆಗಿಂತ ಈ ಹಂಚಿಕೆಯ ಶಿಖರವು ಚೂಪು, ಬಾಲಗಳು ಉದ್ದ. ದೃಶ್ಯಲೋಕದ ಗುಟ್ಟೆಲ್ಲವೂ ಈ ಬಾಲಗಳಲ್ಲಿದೆಯೆಂದರೆ ಅತಿಶಯೋಕ್ತಿಯಾಗದು, ಏಕೆಂದರೆ ಅಲ್ಲಿಯೇ ವಸ್ತುಗಳ ಅಂಚುಗಳಿವೆ. ತಕ್ಕ ಮೂಲಾಂಶಗಳಲ್ಲಿ ಬರೆದ ಚಿತ್ರವು ವಿರಳವಾಗುವುದು, ಅಂದರೆ ಅದರ ಗುಣಕಗಳಲ್ಲಿ ಹೆಚ್ಚಿನವು ಸೊನ್ನೆಗೆ ಸಮೀಪವಾಗಿದ್ದು ಕೆಲವೇ ಕೆಲವು ಭಾರವನ್ನೆಲ್ಲ ಹೊರುವುವು. ನಮ್ಮ ಜೇಬಿನ ಫೋನಿನಲ್ಲಿರುವ ಜೆಪೆಗ್ ಚಿತ್ರಗಳು ಅಷ್ಟು ಕಡಮೆ ಜಾಗದಲ್ಲಿ ಅಡಗುವುದಕ್ಕೆ ಈ ಲಕ್ಷಣವೇ ಕಾರಣ.

ಪ್ರಾಣಿಗಳ ಕಣ್ಣು ಈ ಲಕ್ಷಣವನ್ನು ನಮಗಿಂತ ಬಹಳ ಮೊದಲೇ ಬಳಸಿಕೊಂಡಂತೆ ತೋರುವುದು. ಇಂದ್ರಿಯಗಳ ಕೆಲಸವು ಪುನರುಕ್ತಿಯನ್ನು ಕಳೆದು ಸಾರವನ್ನು ಮುಂದೆ ಕಳುಹಿಸುವುದೆಂದು ಹೊರೇಸ್ ಬಾರ್ಲೊ 1961ರಲ್ಲಿ ವಾದಿಸಿದ್ದನು. ಬ್ರೂನೊ ಓಲ್ಸ್‌ಹೌಸನ್ ಮತ್ತು ಫೀಲ್ಡ್ 1996ರಲ್ಲಿ, ನಿಸರ್ಗದೃಶ್ಯಗಳ ತುಣುಕುಗಳನ್ನು ಗಣಕಯಂತ್ರಕ್ಕೆ ಒಡ್ಡಿ, ಇವುಗಳನ್ನು ಆದಷ್ಟು ವಿರಳವಾಗಿ ಬರೆಯಬಲ್ಲ ಮೂಲಾಂಶಗಳನ್ನು ನೀನೇ ಕಂಡುಕೋ ಎಂದು ಬಿಟ್ಟರು. ಯಂತ್ರವು ಕಂಡುಕೊಂಡುದು ಓರೆಯಾಗಿ, ನೆಟ್ಟಗೆ, ಅಡ್ಡಲಾಗಿ ನಿಂತ ಚಿಕ್ಕ ಚಿಕ್ಕ ಅಂಚುಗಳನ್ನು. ಸಸ್ತನಿಗಳ ಮಿದುಳಿನ ಪ್ರಾಥಮಿಕ ದೃಷ್ಟಿಭಾಗದ ಕೋಶಗಳು ಸ್ಪಂದಿಸುವುದೂ ಇಂತಹ ಅಂಚುಗಳಿಗೇ ಎಂದು ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳ ಪ್ರಯೋಗಗಳಿಂದ ಆ ಮೊದಲೇ ತಿಳಿದಿದ್ದಿತು. ಲೋಕದ ಸಂಖ್ಯಾಲಕ್ಷಣವೂ ಅದನ್ನು ನೋಡುವ ಕರಣದ ರಚನೆಯೂ ಹೀಗೆ ಒಂದಕ್ಕೊಂದು ಹೊಂದಿಕೊಂಡಿರುವುದನ್ನು ಕಂಡಾಗ ಯಾರ ಮನಸ್ಸಾದರೂ ಬೆರಗುಗೊಳ್ಳದೆ ಇರದು.

ಇನ್ನು ಪುನರ್ರಚನೆಗೆ ಬರೋಣ. ದತ್ತಾಂಶಕ್ಕೆ ಹೊಂದುವ ಬಿಂಬಗಳು ಅಸಂಖ್ಯವಾಗಿರುವಾಗ, ಅವುಗಳಲ್ಲಿ ಯಾವುದು ಅತ್ಯಂತ ವಿರಳವೋ ಅದನ್ನು ಆರಿಸು ಎಂಬುದು ಸೂತ್ರ. ಈ ಆಯ್ಕೆಯು ಕೆಲವು ನಿಬಂಧನೆಗಳೊಳಗೆ ನಿಜವಾದ ಬಿಂಬವನ್ನೇ ಕೊಡುವುದೆಂಬುದನ್ನು 2006ರಲ್ಲಿ ಒಂದು ಕಡೆ ಕ್ಯಾಂಡಿಸ್, ರೋಂಬರ್ಗ್, ಟಾವೊ ಎಂಬ ಮೂವರೂ, ಇನ್ನೊಂದು ಕಡೆ ಡೊನೊಹೊ ಅವರೂ ಸಾಧಿಸಿ ತೋರಿಸಿದರು. ತಲೆಯ ಅಡ್ಡಕೊಯ್ತವನ್ನು ಅನುಕರಿಸುವ, ಈ ಶಾಸ್ತ್ರದವರೆಲ್ಲರಿಗೂ ಪರಿಚಿತವಾದ ಒಂದು ಕೃತಕಚಿತ್ರವಿದೆ. ಅದರ ಫೂರಿಯೇ ಅಂಶಗಳನ್ನು, ಅಂದರೆ ಮೇಲೆ ಹೇಳಿದ ಅಲೆಗಳ ಪ್ರಮಾಣಗಳನ್ನು, ಕೇಂದ್ರದ ಮೂಲಕ ಹಾಯುವ 22 ರೇಖೆಗಳ ಮೇಲೆ ಮಾತ್ರ ಉಳಿಸಿಕೊಂಡು ಮಿಕ್ಕುದನ್ನೆಲ್ಲ ಬಿಟ್ಟುಬಿಟ್ಟರೂ ಮೂಲಚಿತ್ರವು ಚಾಚೂ ತಪ್ಪದೆ ಮರಳಿ ಬಂದಿತು. ಆ ಫಲವು ಆಶ್ಚರ್ಯಕರವೇ. ಆದರೂ ಅದನ್ನು ತೂಗಿ ನೋಡುವಾಗ ಒಂದನ್ನು ಮರೆಯಲಾಗದು: ಆ ಕೃತಕಚಿತ್ರವು ಸಮಬಣ್ಣದ ಕೆಲವು ದೀರ್ಘವೃತ್ತಗಳಿಂದ ಆದುದು, ಆದುದರಿಂದ ಊಹೆಯು ಅಲ್ಲಿ ಅಕ್ಷರಶಃ ಸತ್ಯವಾಗಿದ್ದಿತು. ನಿಜವಾದ ತಲೆಯು ಅಷ್ಟು ಸರಳವಲ್ಲ.

ಸರಳವಲ್ಲದಿದ್ದರೂ ಊಹೆಯು ಬಹುಮಟ್ಟಿಗೆ ನಿಲ್ಲುವುದೆಂಬುದಕ್ಕೆ ಎಂ.ಆರ್.ಐ. ಸಾಕ್ಷಿ. ಆ ಯಂತ್ರವು ಶರೀರದ ಚಿತ್ರವನ್ನು ನೇರವಾಗಿ ತೆಗೆಯದೆ, ಅದರ ಫೂರಿಯೇ ಅಂಶಗಳನ್ನು ಸಾಲುಸಾಲಾಗಿ ಅಳೆಯುವುದು. ಸಾಲಿಗಿಷ್ಟು ಎಂದು ಕಾಲ ಹಿಡಿಯುವುದರಿಂದ ರೋಗಿಯು ಆ ಇಕ್ಕಟ್ಟಾದ ಕೊಳವೆಯೊಳಗೆ ಅಲುಗಾಡದೆ, ಹೊಟ್ಟೆಯ ಚಿತ್ರವಾದರೆ ಮತ್ತೆ ಮತ್ತೆ ಉಸಿರು ಬಿಗಿಹಿಡಿದು, ಮಲಗಿರಬೇಕಾಗುವುದು. ಸುಮ್ಮನೆ ಮಲಗಲಾರದ ಕೂಸಿಗೆ ಎಷ್ಟೋ ಸಲ ಮಂಪರು ಬರಿಸಬೇಕಾಗುವುದು. ಸಾಲುಗಳನ್ನು ಕಡಮೆ ಮಾಡಿದರೆ ಕಾಲವೂ ಕಡಮೆ. ಆದರೆ ಒಂದು ಬಿಟ್ಟು ಒಂದರಂತೆ ಕ್ರಮವಾಗಿ ಸಾಲುಗಳನ್ನು ಬಿಟ್ಟರೆ ಚಿತ್ರವು ಮಡಿಚಿಕೊಂಡು ಹಣೆಯ ಮೇಲೆ ಹಿಂದಲೆಯು ಬಂದು ಕೂರುವುದು. ಆ ನೆರಳುಬಿಂಬವೂ ನಿಜಬಿಂಬದಷ್ಟೇ ಗಟ್ಟಿಯಾಗಿರುವುದರಿಂದ ಯಾವ ಊಹೆಯೂ ಎರಡನ್ನು ಬೇರ್ಪಡಿಸಲಾರದು. ಸಾಲುಗಳನ್ನು ಕ್ರಮವಿಲ್ಲದೆ ಅಲ್ಲಲ್ಲಿ ಬಿಟ್ಟರೋ, ದೋಷವು ಸಣ್ಣ ಸಣ್ಣ ಕಣಗಳಾಗಿ ಚಿತ್ರದ ತುಂಬ ಚದುರುವುದು. ಚದುರಿದ ಕಣವು ವಿರಳತೆಗೆ ವಿರೋಧಿ. ವಿರಳತೆಯನ್ನು ಬೇಡುವ ಗಣಿತವು ಅದನ್ನು ಜಾಲಿಸಿ ತೆಗೆಯಬಲ್ಲುದು. ಲುಸ್ಟಿಗ್, ಡೊನೊಹೊ, ಪಾಲಿ ಇವರು 2007ರಲ್ಲಿ ಈ ಮಾರ್ಗವನ್ನು ವಿವರಿಸಿದರು. ಹತ್ತು ವರ್ಷಗಳ ತರುವಾಯ, 2017ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಇಂತಹ ಯಂತ್ರಗಳನ್ನು ಚಿಕಿತ್ಸಾಲಯಗಳಲ್ಲಿ ಬಳಸಲು ಸಮ್ಮತಿಯಿತ್ತಿತು. ಅಳೆಯುವುದರಲ್ಲಿ ಬುದ್ಧಿಪೂರ್ವಕವಾದ ಅಕ್ರಮವನ್ನು ತಂದುದರಿಂದಲೇ ಊಹೆಗೆ ಕೆಲಸಮಾಡುವ ಎಡೆ ದೊರೆತುದೆಂಬ ಅಂಶವನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ.

ಊಹೆಯ ಯೋಗ್ಯತೆಯನ್ನು ಕುರಿತು ನಮ್ಮ ನಾಡಿನಲ್ಲಿಯೇ ನಡೆದ ಒಂದು ಚಿಂತನೆಯು ಇಲ್ಲಿ ಪ್ರಸ್ತುತವಾಗಿದೆ. ರೇಡಿಯೋ ಖಗೋಳಶಾಸ್ತ್ರದಲ್ಲಿ ಅಳೆಯದ ಭಾಗವನ್ನು ತುಂಬಲು ಎಂಟ್ರೊಪಿಯನ್ನು, ಅಂದರೆ ಅನಿಶ್ಚಿತತೆಯ ಅಳತೆಯೊಂದನ್ನು, ಗರಿಷ್ಠಗೊಳಿಸುವ ವಿಧಾನವು ಬಳಕೆಗೆ ಬಂದಾಗ, ಅದನ್ನು ಜ್ಞಾನಸಿದ್ಧಾಂತದ ಅನುಲ್ಲಂಘನೀಯವಾದ ಆಜ್ಞೆಯೆಂಬಂತೆ ಪ್ರತಿಪಾದಿಸಿದವರು ಹಲವರು. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ರಾಜಾರಾಮ್ ನಿತ್ಯಾನಂದ ಮತ್ತು ರಮೇಶ್ ನಾರಾಯಣ್ ಅವರು 1982ರ ಲೇಖನದಲ್ಲಿಯೂ 1986ರ ಸಮೀಕ್ಷೆಯಲ್ಲಿಯೂ ಬೇರೆ ನಿಲುವನ್ನು ತಳೆದರು. ಎಂಟ್ರೊಪಿಯೆಂದು ಹೆಸರಿಸಿದ ಸೂತ್ರಗಳು ಒಂದಕ್ಕಿಂತ ಹೆಚ್ಚಿದ್ದು, ಅವೆಲ್ಲವೂ ಸರಿಸುಮಾರು ಒಂದೇ ಬಗೆಯ ಫಲವನ್ನು ಕೊಡುವುವು. ಬಯಲನ್ನು ಸಮತಟ್ಟಾಗಿರಿಸಿ ಶಿಖರಗಳನ್ನು ಚೂಪುಗೊಳಿಸುವ ಗುಣವು ಆ ಸೂತ್ರಗಳ ಆಕಾರದಿಂದ ಬಂದುದೇ ಹೊರತು ಯಾವ ಪವಿತ್ರವಾದ ತತ್ತ್ವದಿಂದಲೂ ಅಲ್ಲ ಎಂದು ಅವರು ಗಣಿತಮುಖವಾಗಿ ವಿವರಿಸಿದರು. ಊಹೆಯನ್ನು ದೇವರಪೀಠದಿಂದ ಇಳಿಸಿ ಕಾರ್ಯಾಗಾರದ ಮೇಜಿನ ಮೇಲಿಟ್ಟು ಪರೀಕ್ಷಿಸಿದ ಈ ಧೋರಣೆಯನ್ನು ನಾನು ಬಹುವಾಗಿ ಗೌರವಿಸುತ್ತೇನೆ.

ಶಾಸನತಜ್ಞರ ಅಭ್ಯಾಸವೊಂದನ್ನು ಇಲ್ಲಿ ನೆನೆಯುವುದು ಯುಕ್ತ. ಕಲ್ಲು ಚಕ್ಕೆಯೆದ್ದು ಕಂದಪದ್ಯವೊಂದರ ಎರಡು ಅಕ್ಷರಗಳು ಅಳಿದಿದ್ದರೆ, ಅವರು ಮಾತ್ರೆಗಳನ್ನು ಎಣಿಸುವರು, ಎರಡನೆಯ ಅಕ್ಷರದ ಪ್ರಾಸವನ್ನು ನೋಡುವರು, ಅದೇ ಕಾಲದ ಅದೇ ಸೀಮೆಯ ಶಾಸನಗಳ ವಾಕ್ಸರಣಿಯನ್ನು ನೆನೆಯುವರು. ಎಲ್ಲವೂ ಒಂದೇ ಪಾಠವನ್ನು ತೋರಿದಾಗ ಆ ಅಕ್ಷರಗಳನ್ನು ಬರೆದು, ಬರೆದುದನ್ನು ಕಂಸದೊಳಗಿಟ್ಟು ಅಚ್ಚುಹಾಕಿಸುವರು. ಪ್ರಾಸವು ವ್ಯಂಜನವನ್ನು ನಿಶ್ಚಯಿಸಬಹುದು. ದಾನಕೊಟ್ಟವನ ಹೆಸರನ್ನು ನಿಶ್ಚಯಿಸಲಾರದು. ಹೆಸರಿನ ಜಾಗವು ಅಳಿದಿದ್ದರೆ ಅಲ್ಲಿ ಚುಕ್ಕೆಗಳನ್ನಿಟ್ಟು ಬಿಡುವರು. ಕಲ್ಲಿನಲ್ಲಿ ಕಂಡುದಾವುದು, ವಿದ್ವಾಂಸನು ತುಂಬಿದುದಾವುದು ಎಂಬುದು ಓದುಗನಿಗೆ ಪುಟದ ಮೇಲೆಯೇ ಗೋಚರವಾಗುವುದು. ಪುನರ್ರಚಿತವಾದ ಬಿಂಬದಲ್ಲಿ ಈ ಕಂಸವಿಲ್ಲ. ಅಳೆದ ಬಿಂದುವೂ ತುಂಬಿದ ಬಿಂದುವೂ ಒಂದೇ ಕಾಂತಿಯಿಂದ ಹೊಳೆಯುವುವು. ಈ ಶಾಸ್ತ್ರದ ದೊಡ್ಡ ಕೊರತೆಯು ಇದೇ ಎಂದು ನನ್ನ ಅಭಿಪ್ರಾಯ.

ಊಹೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆಯು ಹೊಸದೇನಲ್ಲ. ನಮ್ಮ ನೈಯಾಯಿಕರು ಅನುಮಾನಕ್ಕೆ ವ್ಯಾಪ್ತಿಯನ್ನು, ಅಂದರೆ ಎರಡು ಸಂಗತಿಗಳ ತಪ್ಪದ ಸಂಬಂಧವನ್ನು, ಬೇಡಿದರು; ವ್ಯಾಪ್ತಿಯೊಳಗೆ ಉಪಾಧಿಯು, ಅಂದರೆ ಮರೆಯಲ್ಲಿರುವ ನಿಬಂಧನೆಯು, ಅಡಗಿದೆಯೇ ಎಂದು ಶೋಧಿಸಿದರು. ಹೊಗೆಯಿದ್ದಲ್ಲಿ ಬೆಂಕಿಯಿರುವುದು ನಿಜ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದರೆ ಮಾತ್ರ ತಪ್ಪು, ಏಕೆಂದರೆ ಹೊಗೆಗೆ ಹಸಿಸೌದೆಯ ಸಂಬಂಧವೆಂಬ ಉಪಾಧಿಯುಂಟು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಚಿತ್ರಗಳ ಸಂಗ್ರಹದಿಂದ ಕಲಿತ ಪ್ರತಿಯೊಂದು ಊಹೆಯೂ ಇಂತಹ ಉಪಾಧಿಯನ್ನು ಹೊತ್ತೇ ಬರುವುದು: ಆ ಸಂಗ್ರಹದಲ್ಲಿ ಏನಿದ್ದಿತು, ಏನಿರಲಿಲ್ಲ ಎಂಬುದೇ ಆ ಉಪಾಧಿ. ನೆರೆಬಿಂದುಗಳು ಸಮಾನವಾಗಿರುವುವು, ಅಂಚುಗಳು ವಿರಳವಾಗಿರುವುವು ಎಂಬ ವ್ಯಾಪ್ತಿಯು ಬಹು ವಿಶಾಲ. ಕಾಡಿಗೂ ಕಟ್ಟಡಕ್ಕೂ ಕರುಳಿಗೂ ಅನ್ವಯಿಸುವುದು. ಸಂಗ್ರಹವು ಕಿರಿದಾಗುತ್ತ, ಕಲಿಯುವ ಯಂತ್ರವು ಬಲಿಷ್ಠವಾಗುತ್ತ ಬಂದಂತೆ ಊಹೆಯು ವ್ಯಾಕರಣವನ್ನು ಬಿಟ್ಟು ವಾಕ್ಯವನ್ನೇ ಹೇಳತೊಡಗುವುದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಪಲ್ಸ್ ಎಂಬ ಹೆಸರಿನಲ್ಲಿ 2020ರಲ್ಲಿ ಪ್ರಕಟಿಸಿದ ವಿಧಾನವು, ಕೆಲವೇ ಬಿಂದುಗಳ ಮಸುಕಾದ ಮುಖಚಿತ್ರದಿಂದ ನುಣುಪಾದ ದೊಡ್ಡ ಮುಖಚಿತ್ರವನ್ನು ಕಟ್ಟುತ್ತಿದ್ದಿತು. ಅದಕ್ಕೆ ಆ ದೇಶದ ಮಾಜಿ ಅಧ್ಯಕ್ಷ ಬರಾಕ್ ಒಬಾಮ ಅವರ ಮಸುಕುಚಿತ್ರವನ್ನು ಕೊಟ್ಟಾಗ ಬಂದುದು ಒಬ್ಬ ಬಿಳಿಯ ಮನುಷ್ಯನ ಮುಖ. ಇಲ್ಲಿ ಗಮನಾರ್ಹವಾದ ವಿಷಯವೇನೆಂದರೆ, ಹೊರಬಂದ ಮುಖವನ್ನು ಮತ್ತೆ ಕುಗ್ಗಿಸಿದರೆ ಕೊಟ್ಟ ಮಸುಕುಚಿತ್ರಕ್ಕೆ ಹೊಂದಬೇಕೆಂಬ ನಿಯಮದ ಮೇಲೆಯೇ ಆ ವಿಧಾನವು ನಿಂತಿದ್ದಿತು. ದತ್ತಾಂಶಕ್ಕೆ ವಿರೋಧವಿಲ್ಲ; ಆದರೂ ಮನುಷ್ಯನು ಬೇರೆ. ದತ್ತಾಂಶಕ್ಕೆ ಹೊಂದುವುದೊಂದೇ ಪ್ರಾಮಾಣ್ಯಕ್ಕೆ ಸಾಲದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನವನ್ನು ನಾನರಿಯೆ.

ಆಸ್ಪತ್ರೆಯಲ್ಲಿ ಇದೇ ದೋಷವು ಇನ್ನೂ ಗುರುತರ. ರೋಗವೆಂಬುದು ಸಾಮಾನ್ಯಕ್ಕೆ ಅಪವಾದ. ವೈದ್ಯನು ಹುಡುಕುವುದು ಆ ಅಪವಾದವನ್ನೇ. ಆರೋಗ್ಯವಂತರ ಚಿತ್ರಗಳಿಂದಲೇ ಬಹುಮಟ್ಟಿಗೆ ಕಲಿತ ಯಂತ್ರವು ಚಿಕ್ಕದೊಂದು ಗಂಟನ್ನು ಸವರಿಹಾಕುವ, ಇಲ್ಲದ ಗೆರೆಯೊಂದನ್ನು ಸೇರಿಸುವ ಸಂಭವವುಂಟು. ಆಳವಾದ ನರಜಾಲಗಳಿಂದ ಪುನರ್ರಚಿಸಿದ ಚಿತ್ರಗಳಲ್ಲಿ, ದತ್ತಾಂಶದ ಅತ್ಯಲ್ಪ ವ್ಯತ್ಯಯದಿಂದಲೇ ದೊಡ್ಡ ವಿಕಾರಗಳು ಹುಟ್ಟಬಲ್ಲವೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಡಮಾರನ ಮೂರನೆಯ ಲಕ್ಷಣವು ಶತಮಾನದ ಮೇಲೆ ಹೊಸ ರೂಪದಲ್ಲಿ ಎದುರು ನಿಂತಿತು.

ಹಾಗಾದರೆ ಕಂಸವನ್ನು ಹಾಕುವುದು ಹೇಗೆ? ಕಪ್ಪುಕುಳಿಗಳ ಬಿಂಬಗಳನ್ನು ರಚಿಸಿದವರು ಇದಕ್ಕೆ ಪಟ್ಟ ಶ್ರಮವು ಅನುಕರಣೀಯ. 2017ರ ಏಪ್ರಿಲಿನಲ್ಲಿ ಚಿಲಿ, ಸ್ಪೇನ್, ಮೆಕ್ಸಿಕೊ, ಆರಿಜೋನ, ಹವಾಯಿ, ದಕ್ಷಿಣಧ್ರುವ ಈ ಎಡೆಗಳ ಎಂಟು ದೂರದರ್ಶಕಗಳು ಜೊತೆಗೂಡಿ 1.3 ಮಿಲಿಮೀಟರ್ ತರಂಗಾಂತರದಲ್ಲಿ ಆಕಾಶವನ್ನು ನೋಡಿದುವು. ಒಂದೊಂದು ಜೋಡಿ ದೂರದರ್ಶಕವೂ ಬಿಂಬದ ಒಂದೊಂದು ಫೂರಿಯೇ ಅಂಶವನ್ನು ಕೊಡುವುದು. ಭೂಮಿಯು ತಿರುಗಿದಂತೆ ಇನ್ನಷ್ಟು ದೊರೆಯುವುವು. ಆದರೂ ಆ ಅಂಶಗಳನ್ನು ಗುರುತಿಸುವ ಹಾಳೆಯ ಹೆಚ್ಚಿನ ಭಾಗವು ಖಾಲಿಯೇ. ಈ ಕೆಲಸಕ್ಕಾಗಿ 2016ರಲ್ಲಿ ಕೇಟೀ ಬೌಮನ್ ಮತ್ತು ಸಂಗಡಿಗರು ಸೂಚಿಸಿದ ವಿಧಾನವೊಂದರಲ್ಲಿ ಊಹೆಯನ್ನು ಚಿತ್ರತುಣುಕುಗಳಿಂದ ಕಲಿಸಲಾಗಿದ್ದಿತು. ಅವರು ಅದನ್ನು ಕಪ್ಪುಕುಳಿಗಳ ಕಲ್ಪಿತಚಿತ್ರಗಳಿಂದ ಕಲಿಸಿ ನೋಡಿದರು, ಆಕಾಶಚಿತ್ರಗಳಿಂದ ಕಲಿಸಿ ನೋಡಿದರು, ನಿತ್ಯಜೀವನದ ಸಾಧಾರಣ ಛಾಯಾಚಿತ್ರಗಳಿಂದಲೂ ಕಲಿಸಿ ನೋಡಿದರು. ಮೂರರಿಂದಲೂ ಬಂದ ಬಿಂಬಗಳು ಬಹುಮಟ್ಟಿಗೆ ಒಂದೇ ಆಗಿದ್ದುವು. ಉಪಾಧಿಯನ್ನು ಬದಲಿಸಿ ನೋಡಿ ವ್ಯಾಪ್ತಿಯನ್ನು ಪರೀಕ್ಷಿಸಿದ ಕ್ರಮವಿದು. 2019ರಲ್ಲಿ ಪ್ರಕಟವಾದ, ಎಂ 87 ಎಂಬ ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಬಿಂಬವನ್ನು ರಚಿಸುವಾಗ ಊಹೆಗಳು ಇನ್ನೂ ಸರಳವಾಗಿದ್ದುವು. ಪರೀಕ್ಷೆಗಳು ಮಾತ್ರ ಇನ್ನೂ ಕಠಿನ. ನಾಲ್ಕು ತಂಡಗಳು ಪರಸ್ಪರ ಮಾತಾಡದೆ ಬಿಂಬಗಳನ್ನು ಕಟ್ಟಿದುವು. ಬಳಿಕ ಉಂಗುರ, ಅರ್ಧಚಂದ್ರ, ತುಂಬಿದ ತಟ್ಟೆ, ಜೋಡಿ ಚುಕ್ಕೆ ಎಂಬ ಕಲ್ಪಿತ ದತ್ತಾಂಶಗಳನ್ನು ತಯಾರಿಸಿ, ತುಂಬಿದ ತಟ್ಟೆಯನ್ನು ಉಂಗುರವೆಂದು ತೋರಿಸದ ವಿಧಾನಕ್ಕೆ ಮಾತ್ರ ಮನ್ನಣೆಯಿತ್ತರು. ಇಷ್ಟೆಲ್ಲ ಆದ ಮೇಲೆಯೂ ಉಳಿದುದು ಸುಮಾರು 42 ಮೈಕ್ರೊ ಆರ್ಕ್‌ಸೆಕೆಂಡ್ ವ್ಯಾಸದ ಉಂಗುರ.

ನಮ್ಮ ಆಕಾಶಗಂಗೆಯ ನಡುವಿನ ಕಪ್ಪುಕುಳಿಯ ವಿಷಯದಲ್ಲಿ ಕೆಲಸವು ಇನ್ನೂ ಕಷ್ಟವಾಯಿತು, ಏಕೆಂದರೆ ಅದರ ಸುತ್ತಣ ಅನಿಲವು ಕೆಲವೇ ನಿಮಿಷಗಳಲ್ಲಿ ರೂಪವನ್ನು ಬದಲಿಸುವುದು. ದತ್ತಾಂಶಕ್ಕೆ ಹೊಂದುವ ಬಿಂಬಗಳು ಸಾವಿರಾರು ದೊರೆತುವು. ಅವುಗಳಲ್ಲಿ ಚೆಲುವಾದುದೊಂದನ್ನು ಆರಿಸಿ ಮಿಕ್ಕವುಗಳನ್ನು ಮುಚ್ಚಿಡುವುದು ಸುಲಭವಾಗಿದ್ದಿತು. 2022ರ ಮೇ 12ರಂದು ಪ್ರಕಟವಾದ ಹಾಳೆಯಲ್ಲಿ ಅವೆಲ್ಲವುಗಳ ಸರಾಸರಿಯು ಮೇಲೆ ದೊಡ್ಡದಾಗಿದೆ. ಅದರ ಕೆಳಗೆ ನಾಲ್ಕು ಚಿಕ್ಕ ಬಿಂಬಗಳಿವೆ. ಮೂರರಲ್ಲಿ ಉಂಗುರವುಂಟು, ಆದರೆ ಹೊಳಪು ಒಂದೊಂದರಲ್ಲಿ ಒಂದೊಂದೆಡೆ. ನಾಲ್ಕನೆಯದರಲ್ಲಿ ಉಂಗುರವೇ ಇಲ್ಲ. ಪ್ರತಿಯೊಂದು ವರ್ಗಕ್ಕೂ ಎಷ್ಟು ಪಾಲು ಬಿಂಬಗಳು ಸೇರಿದುವೆಂಬುದನ್ನು ತೋರಿಸುವ ಕಂಬಗಳನ್ನು ಪಕ್ಕದಲ್ಲಿ ಬರೆದಿದ್ದಾರೆ. ನಾಲ್ಕನೆಯದರ ಕಂಬವು ಬಹಳ ಗಿಡ್ಡ, ಆದರೂ ಅದನ್ನು ಬಿಟ್ಟಿಲ್ಲ. ನೋಡುವವನು ಉಂಗುರವನ್ನು ಎಷ್ಟರಮಟ್ಟಿಗೆ ನಂಬಬಹುದು, ಹೊಳಪಿನ ಎಡೆಯನ್ನು ಎಷ್ಟರಮಟ್ಟಿಗೆ ನಂಬಲಾಗದು ಎಂಬುದನ್ನು ಆ ಹಾಳೆಯಿಂದಲೇ ಓದಿಕೊಳ್ಳಬಹುದು. ಆಸ್ಪತ್ರೆಯಲ್ಲಿ ವೈದ್ಯರ ಕೈಗೆ ಬರುವ ಪುನರ್ರಚಿತಚಿತ್ರದ ಜೊತೆಯಲ್ಲಿಯೂ ಇಂತಹ ಹಾಳೆಯೊಂದು ಬರಬೇಕೆಂದೂ, ಅದನ್ನು ಬೇಡುವ ಹಕ್ಕು ವೈದ್ಯರಿಗೂ ರೋಗಿಗೂ ಇರಬೇಕೆಂದೂ ನಾನು ತಮ್ಮ ಮುಂದೆ ನಿವೇದಿಸುತ್ತೇನೆ.